ಯಂತ್ರ ಮಲಗಿದೆ, ಬಾಗಿಲು ತೆಗೀಬೇಡಿ

ಕೃಷ್ಣರಾಜ "ನಾನು ಮಾಡ್ತೇನೆ" ಎಂದರೆ ಅವನ ಹೆಂಡತಿ ಪ್ರಭಾ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಒಮ್ಮೆ ತಲೆಯೆತ್ತಿ ನೋಡುತ್ತಾಳೆ. ಹೋದ ವರ್ಷ ಮಿಕ್ಸಿಯ ವಿಷಯದಲ್ಲಿ ಅವನು ಹೀಗೆಯೇ ಹೇಳಿದ್ದ. ಆಮೇಲೆ ಮೂರು ತಿಂಗಳು ಆ ಮನೆಯವರು ಅರೆಯುವ ಕಲ್ಲಿನ ಚಟ್ನಿಯ ರುಚಿಯನ್ನು ಹೊಗಳುತ್ತಲೇ ದೋಸೆ ತಿಂದಿದ್ದರು. ಬಲ್ಮಠದ ವಿಮಾ ಕಚೇರಿಯೊಂದರಲ್ಲಿ ಹೆಡ್‌ಕ್ಲಾರ್ಕ್ ಆಗಿರುವ ಕೃಷ್ಣರಾಜ ಬುದ್ಧಿವಂತನಲ್ಲ ಎಂದು ಯಾರೂ ಹೇಳುವಂತಿಲ್ಲ. ಕೆಲಸ ಶುರು ಮಾಡುವವರೆಗೆ ಅವನ ಬುದ್ಧಿ ಚೆನ್ನಾಗಿಯೇ ಇರುತ್ತದೆ.

ಈ ಸಲ ಆ ಮಾತು ಹೊರಟದ್ದು ಕಾವೂರಿನ ಅವರ ಅಪಾರ್ಟ್‌ಮೆಂಟಿನ ಕೆಳಗಿನ ಹಾಲ್‌ನಲ್ಲಿ, ಒಂದು ಗುರುವಾರ ಸಂಜೆ. ಭಾನುವಾರ ಅಪಾರ್ಟ್‌ಮೆಂಟಿನ ವಾರ್ಷಿಕೋತ್ಸವ. ಅಂದು ಅವನ ಮಗಳು, ಆರನೇ ಕ್ಲಾಸಿನ ಚಿನ್ಮಯಿ, ಕಾವೂರು ಕೆರೆಯ ಮಿಂಚುಳ್ಳಿಯ ಬಗ್ಗೆ ಮಾಡಿದ ನಾಲ್ಕು ನಿಮಿಷದ ಸಿನಿಮಾ ತೋರಿಸುವುದೆಂದು ನಿಶ್ಚಯವಾಗಿತ್ತು. ಚಿಕ್ಕಪ್ಪನ ಹಳೆಯ ಕ್ಯಾಮರಾ ಹಿಡಿದು ಹದಿನೇಳು ಬೆಳಿಗ್ಗೆ ಕೆರೆಯ ದಂಡೆಯಲ್ಲಿ ಕೂತ ಹುಡುಗಿ ಅವಳು. ಹದಿನಾರು ದಿನ ಸೊಳ್ಳೆ ಕಚ್ಚಿಸಿಕೊಂಡದ್ದೇ ಬಂತು. ಹದಿನೇಳನೆಯ ದಿನ ಹಕ್ಕಿ ನೀರಿಗೆ ಎರಗಿ ಮೀನು ಕಚ್ಚಿಕೊಂಡು ಏಳುವುದು ಅವಳ ಕ್ಯಾಮರಾದಲ್ಲಿ ಬಿತ್ತು. ಶಾಲೆಯ ಜಾನೆಟ್ ಟೀಚರ್ ನೋಡಲು ಬರುವವರಿದ್ದರು. ಅವರಿಗೆ ಹಿಡಿಸಿದರೆ ಮುಂದಿನ ಶನಿವಾರ ಬಲ್ಮಠದಲ್ಲಿ ನಡೆಯುವ ಮಕ್ಕಳ ಚಿತ್ರೋತ್ಸವಕ್ಕೆ ಶಾಲೆಯ ಪರವಾಗಿ ಅದೇ ಹೋಗುತ್ತದೆ.

ಗುರುವಾರ ಒಮ್ಮೆ ಹಾಕಿ ನೋಡಿದಾಗ ಮಿಂಚುಳ್ಳಿ ಹಸಿರಾಗಿ ಬಂತು.

"ಗಿಣಿ ಚಂದ ಉಂಟು ಮಗಾ," ಎಂದರು ಅಸೋಸಿಯೇಷನ್ ಅಧ್ಯಕ್ಷ ಮೋಹನದಾಸ್. ಇಪ್ಪತ್ತೆರಡು ವರ್ಷ ಸೌದಿಯ ದಮ್ಮಾಮಿನಲ್ಲಿದ್ದು ಊರಿಗೆ ಮರಳುವಾಗ ಆ ಪ್ರೊಜೆಕ್ಟರನ್ನು ತಂದು ಅಸೋಸಿಯೇಷನ್ನಿಗೆ ಕೊಟ್ಟವರು ಅವರೇ. ಹಾಗಾಗಿ ತಪ್ಪು ಪ್ರೊಜೆಕ್ಟರಿನದ್ದು ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ತಪ್ಪು ಹಕ್ಕಿಯದ್ದೇ ಆಗಿರಬೇಕು.

ಚಿನ್ಮಯಿ ಅಳಲಿಲ್ಲ. ಅತ್ತಿದ್ದರೆ ಒಂದು ಐಸ್‌ಕ್ರೀಮಿನಲ್ಲಿ ಮುಗಿಯುತ್ತಿತ್ತು. "ಇದು ಗಿಣಿ ಆಗುವುದಾದ್ರೆ ತೋರಿಸುವುದೇ ಬೇಡ ಅಪ್ಪ," ಎಂದು ಮೆಲ್ಲಗೆ ಹೇಳಿ, ಪೆನ್‌ಡ್ರೈವ್ ಎಳೆದು ಕಿಸೆಗೆ ಹಾಕಿಕೊಂಡಳು.

ಆಗ ಕೃಷ್ಣರಾಜ ಎದ್ದು ನಿಂತ.

"ಪ್ರೊಜೆಕ್ಟರಿಗೆ ಕ್ಯಾಲಿಬ್ರೇಷನ್ ಆಗ್ಬೇಕು ಅಷ್ಟೆ. ಅದಕ್ಕೆ ಬಣ್ಣ ಅಳೆಯುವ ಸೆನ್ಸರ್ ಬರ್ತದೆ. ನಾನು ಮಾಡ್ತೇನೆ."

ಹೊಸ ಟಿವಿ ಕೊಳ್ಳದೆ ಹಳೆಯದರಲ್ಲೇ ಸುಧಾರಿಸುವ ಆಸೆಯಿಂದ ಬಸ್ಸಿನಲ್ಲಿ ನೋಡಿದ ಒಂದು ಆರು ನಿಮಿಷದ ವೀಡಿಯೋ ಅವನ ಈ ವಿದ್ಯೆಯ ಮೂಲ. ಅದರಲ್ಲೂ ಕೊನೆಯ ಎರಡು ನಿಮಿಷ ಇಳಿಯುವ ಸ್ಟಾಪು ಬಂದು ಬಾಕಿಯಾಗಿತ್ತು.

"ಬಣ್ಣ ಅಳೆಯುವ ಯಂತ್ರವಾ?" ಎಂದು ಹಿಂದಿನ ಸಾಲಿನಿಂದ ಕೇಳಿದರು ಮೋಹನದಾಸರ ಹೆಂಡತಿ ಅಮ್ಮಣಿ.

"ಹೌದು," ಎಂದ ಕೃಷ್ಣರಾಜ.

ಆ ಒಂದು "ಹೌದು" ಎರಡೇ ದಿನಗಳಲ್ಲಿ ನಾಲ್ಕು ಮಹಡಿ ಹತ್ತಿ ಇಳಿಯಿತು.

ಸೆನ್ಸರ್ ಸಿಕ್ಕಿದ್ದು ಬಂದರ್‌ನಲ್ಲಿ, ಮದುವೆ ಆಲ್ಬಮ್ ಪ್ರಿಂಟ್ ಮಾಡುವ ಹಾಶಿಂನ ಅಂಗಡಿಯಲ್ಲಿ. ದೊಡ್ಡ ನಿಂಬೆಹಣ್ಣಿನಷ್ಟು ಗಾತ್ರ, ಕಪ್ಪು ಮೈ, ನಡುವೆ ಒಂದೇ ಒಂದು ಕಣ್ಣು, ಹಿಂದೆ ಬಾಲದ ಹಾಗೆ ವಯರು. ಭಾನುವಾರ ಬೆಳಿಗ್ಗೆ ಹಾಶಿಂ ಅದನ್ನು ಕೊಡುವಾಗ, ಮಗುವನ್ನು ಮೊದಲ ಸಲ ಬೇರೆಯವರ ಮನೆಗೆ ಕಳಿಸುವವನ ಹಾಗೆ ಕೈಯಲ್ಲೇ ಹಿಡಿದುಕೊಂಡು ಮಾತಾಡಿದ.

"ಸರಿ ಕೇಳಿ ಕೃಷ್ಣಣ್ಣ. ಇದನ್ನು ಸ್ಟ್ಯಾಂಡಿನಲ್ಲಿಟ್ಟು ಮುಖ ಪರದೆ ಕಡೆ ಮಾಡ್ಬೇಕು. ಲ್ಯಾಪ್‌ಟಾಪು ಪರದೆಗೆ ಒಂದೊಂದೇ ಬಣ್ಣ ಬಿಡ್ತದೆ, ಒಟ್ಟು ನೂರೈವತ್ತು. ಇದು ನೋಡಿ ನೋಡಿ, ಯಾವ ಬಣ್ಣ ಹೆಚ್ಚಾಗಿದೆ ಯಾವುದು ಕಮ್ಮಿ ಅಂತ ಲ್ಯಾಪ್‌ಟಾಪಿಗೆ ಹೇಳ್ತದೆ. ಅದು ಸರಿ ಮಾಡಿಕೊಳ್ತದೆ. ಅರ್ಧ ಗಂಟೆ. ಅಲ್ಲಿವರೆಗೆ ಕತ್ತಲೆ ಬೇಕು. ಬಾಗಿಲು ತೆಗೆದ್ರೆ ಮತ್ತೆ ಮೊದಲಿನಿಂದ."

"ಆಯ್ತು."

"ಬಣ್ಣದ ಅಂಗಿ ಹಾಕಿ ಹತ್ತಿರ ನಿಲ್ಬೇಡಿ, ಅದರ ಬಣ್ಣವೂ ಪರದೆಗೆ ಬೀಳ್ತದೆ. ಕಪ್ಪು ಹಾಕಿ."

"ಆಯ್ತು."

"ಅಳೆದ ಮೇಲೆ ಎಂತದೂ ಬದಲಾಯಿಸ್ಲಿಕ್ಕಿಲ್ಲ. ಅದೇ ಪ್ರೊಜೆಕ್ಟರು, ಅದೇ ಪರದೆ. ಐದು ಗಂಟೆಗೆ ನಾನೇ ಬಂದು ತೆಕ್ಕೊಂಡು ಹೋಗ್ತೇನೆ, ಸಂಜೆ ನನಗೆ ಆಲ್ಬಮ್ ಉಂಟು."

ಕೃಷ್ಣರಾಜ ಎಲ್ಲದಕ್ಕೂ ತಲೆಯಾಡಿಸಿದ. ಇಷ್ಟು ಗಮನವಿಟ್ಟು ಅವನು ತನ್ನ ಮದುವೆಯ ಮಂತ್ರಗಳನ್ನೂ ಕೇಳಿರಲಿಲ್ಲ.

ಮನೆಯಲ್ಲಿ ಕಪ್ಪು ಬಟ್ಟೆ ಎಂದು ಇದ್ದದ್ದು ಕೊಡೆಯೊಂದೇ. ಕೊನೆಗೆ ಮೋಹನದಾಸರು ಶಬರಿಮಲೆಗೆ ಹೋಗುವಾಗ ಉಡುವ ಕಪ್ಪು ಪಂಚೆ, ಕಪ್ಪು ಅಂಗಿ ಎರವಲಾಗಿ ಬಂದವು. ಅವನ್ನು ತೊಟ್ಟು ಕೋಣೆಯಿಂದ ಹೊರಬಂದಾಗ ಎದುರಿಗೆ ಸಿಕ್ಕಿದವರು ತಂದೆ ವಿಶ್ವೇಶ ಭಟ್ಟರು. ನಲವತ್ತು ವರ್ಷ ದೇವಸ್ಥಾನದಲ್ಲಿ ಪೂಜೆ ಮಾಡಿದ ಅವರು ಈಗ ಮನೆಯ ದೇವರನ್ನು ನೋಡಿಕೊಳ್ಳುತ್ತಾರೆ. ಅವರ ಮಡಿ ಪಂಚೆಗಳು ಬಾಲ್ಕನಿಯ ಎತ್ತರದ ಬಿದಿರಿನಲ್ಲಿ ಒಣಗುತ್ತವೆ. ಹಾಕುವುದು, ತೆಗೆಯುವುದು ಎಲ್ಲ ಅವರದೇ ಕೋಲಿನಿಂದ. ಸ್ನಾನವಾಗದೆ ಸ್ವಂತ ಮಗನೂ ಮುಟ್ಟುವಂತಿಲ್ಲ.

"ಯಾರ ಮನೆಯಲ್ಲಿ ಎಂತ ಆಯ್ತು?" ಎಂದು ಕೇಳಿದರು ಅವರು, ಮಗನ ಕಪ್ಪು ಬಟ್ಟೆ ನೋಡಿ ಗಾಬರಿಯಿಂದ.

"ಎಂತ ಆಗಿಲ್ಲ ಅಪ್ಪ, ಚಿನ್ಮಯಿಯ ಸಿನಿಮಾಕ್ಕೆ. ನೀವೂ ಸಂಜೆ ಒಮ್ಮೆ ಬನ್ನಿ."

"ಆ ಗೌಜಿಗೆ ನಾನು ಇಳಿಯುವುದಿಲ್ಲ," ಎಂದು ಅವರು ಜಪಸರ ಎತ್ತಿಕೊಂಡರು.

ಕೆಳಗೆ ವಾಚ್‌ಮನ್ ನೋಣಯ್ಯ ಕುರ್ಚಿಯಿಂದ ಎದ್ದು ಕೈಮುಗಿದ. "ಸ್ವಾಮಿ ಶರಣಂ. ಈ ತಿಂಗಳಲ್ಲಿ ಮಾಲೆ ಹಾಕಿದ್ದಾ ಸ್ವಾಮಿ?"

"ಮಾಲೆ ಅಲ್ಲ ನೋಣಯ್ಯ, ಪ್ರೊಜೆಕ್ಟರು."

"ಯಾವುದಾದ್ರೂ ಭಕ್ತಿ ಮುಖ್ಯ ಸ್ವಾಮಿ."

ಹಾಲ್‌ನ ಕಿಟಕಿಗಳಿಗೆ ಕಂಬಳಿ, ಚಾಪೆ, ಪ್ರಭಾಳ ಎರಡು ಹಳೆಯ ಬೆಡ್‌ಶೀಟು ಕಟ್ಟಿ ಕತ್ತಲೆ ಮಾಡುವಷ್ಟರಲ್ಲಿ ಹನ್ನೆರಡೂವರೆಯಾಯಿತು. ಗೋಡೆಯ ಮೇಲಿದ್ದ ಪರದೆಯೆಂದರೆ ಅಸೋಸಿಯೇಷನ್ನಿನ ಒಂದು ದೊಡ್ಡ ಬಿಳಿ ಬಟ್ಟೆ. ಗಣಪತಿ ಹೋಮಕ್ಕೂ ಸತ್ಯನಾರಾಯಣ ಪೂಜೆಗೂ ಹಿಂದೆ ಕಟ್ಟುವುದು ಅದನ್ನೇ. ಕೃಷ್ಣರಾಜ ಸೆನ್ಸರಿನ ಮುಖವನ್ನು ಅದರ ಕಡೆ ತಿರುಗಿಸಿ ಗುಂಡಿ ಒತ್ತಿದ. ಪರದೆ ಕೆಂಪಾಯಿತು, ಹಸಿರಾಯಿತು, ಬೂದುಬಣ್ಣವಾಯಿತು. ಲ್ಯಾಪ್‌ಟಾಪಿನಲ್ಲಿ ಹತ್ತೊಂಬತ್ತು ಎಂದು ಬರುವಾಗ ಬಾಗಿಲು ತೆರೆದು ಮಂಗಳೂರಿನ ಅಷ್ಟೂ ಬಿಸಿಲು ಒಳಗೆ ಬಂತು. ಬಿಸಿಲಿನ ಮುಂದೆ ಅಮ್ಮಣಿ, ಒಂದು ಕೈಯಲ್ಲಿ ಸೀರೆ, ಇನ್ನೊಂದು ಕೈಯಲ್ಲಿ ಆರು ಬ್ಲೌಸ್ ಪೀಸು.

"ಬಾಗಿಲು! ಅಮ್ಮಣಿಯಕ್ಕ, ಬಾಗಿಲು!"

"ಹಾಕ್ತೇನೆ ಮಾರಾಯ್ರೆ," ಎಂದು ಅವರು ಒಳಗೆ ಬಂದು ಬಾಗಿಲು ಹಾಕಿದರು. "ಭಟ್ರೆ, ಇದು ನನ್ನ ಮಗಳು ಅನುಷ್ಕಾಳ ಎಂಗೇಜ್‌ಮೆಂಟಿನ ಸೀರೆ. ಅಂಗಡಿಯವ ಮ್ಯಾಚಿಂಗ್ ಅಂತ ಹೇಳಿ ಕೊಟ್ಟದ್ದು. ನನಗೆ ಇದರಲ್ಲಿ ಒಂದು ಕೂದಲಿನಷ್ಟು ಕೆಂಪು ಹೆಚ್ಚು ಕಾಣ್ತದೆ. ಮನೆಯಲ್ಲಿ ಒಬ್ಬರೂ ನಂಬುವುದಿಲ್ಲ. ನಿಮ್ಮ ಯಂತ್ರಕ್ಕೆ ಒಮ್ಮೆ ತೋರಿಸಿ."

"ಇದು ಪರದೆಯ ಬಣ್ಣ ಮಾತ್ರ ಅಳೆಯುವುದು ಅಕ್ಕ."

"ಪರದೆಯೂ ಬಟ್ಟೆಯೇ ಅಲ್ವಾ?"

ಈ ಪ್ರಶ್ನೆಗೆ ವೀಡಿಯೋದ ಮೊದಲ ನಾಲ್ಕು ನಿಮಿಷದಲ್ಲಿ ಉತ್ತರವಿರಲಿಲ್ಲ.

ಎರಡನೆಯ ಸಲ ಎಪ್ಪತ್ತೊಂದಕ್ಕೆ ಬಂದಾಗ ಮೋಹನದಾಸರು ಟಾರ್ಚ್ ಹಿಡಿದುಕೊಂಡೇ ಒಳಗೆ ಬಂದರು. ಹಿಂದಿನಿಂದ ನೋಣಯ್ಯ, ಅವನ ಕೈಯಲ್ಲಿ ಗೋಡೆಯಿಂದ ಕೆರೆದು ತೆಗೆದ ಪೈಂಟಿನ ಚೂರು.

"ಭಟ್ರೆ, ಪೈಂಟರಿಗೆ ನಾನು ಐವರಿ ಹೇಳಿದ್ದು. ಅವ ಬಳಿದದ್ದು ಕ್ರೀಮು. ಕೇಳಿದ್ರೆ ನಿಮ್ಮ ಕಣ್ಣು ಸರಿ ಇಲ್ಲ ಅಂತಾನೆ, ನನಗೆ! ಯಂತ್ರದಿಂದ ಒಂದು ರಿಪೋರ್ಟು ಮಾಡಿ ಕೊಡಿ. ಸೀಲು ನಾನು ಹಾಕ್ತೇನೆ."

"ಟಾರ್ಚು ಆಫ್ ಮಾಡಿ ಸಾರ್!"

"ಕತ್ತಲೆಯಲ್ಲಿ ಐವರಿ ಕಾಣುವುದು ಹೇಗೆ ಮಾರಾಯ್ರೆ?"

ನೋಣಯ್ಯನಿಗೂ ಒಂದು ಸಣ್ಣ ಅಹವಾಲಿತ್ತು. ಎದುರಿನ ಕ್ಯಾಂಟೀನಿನ ಚಾದಲ್ಲಿ ಹಾಲೆಷ್ಟು ನೀರೆಷ್ಟು ಎಂದು ಅಳೆದು ಹೇಳಿದರೆ ಅವನು ಅಲ್ಲಿ ಹೋಗಿ ಎರಡು ಮಾತಾಡುವವನಿದ್ದ. ಚಾ ತಂದೂ ಇದ್ದ.

ಮೂರನೆಯ ಸಲ ಲೆಕ್ಕ ನೂರ ನಲವತ್ತನಾಲ್ಕು ಮುಟ್ಟಿತು. ಇನ್ನು ಆರೇ ಆರು. ಕೃಷ್ಣರಾಜ ಕುರ್ಚಿಯ ತುದಿಗೆ ಬಂದ. ಬಾಗಿಲು ತೆರೆಯಿತು. ಎರಡನೇ ಮಹಡಿಯ ಜೋನ್, ಬಾಳೆಲೆಯಲ್ಲಿ ನಾಲ್ಕು ಬಂಗುಡೆ ಹಿಡಿದು ನಿಂತಿದ್ದರು.

"ಭಟ್ರೆ, ಬೇಜಾರು ಮಾಡ್ಬೇಡಿ, ನಿಮಗೆ ಆಗುವುದಿಲ್ಲ ಅಂತ ಗೊತ್ತುಂಟು. ಮೀನಿನವಳು ಇವತ್ತಿನದ್ದೇ ಅಂತ ಆಣೆ ಹಾಕ್ತಾಳೆ. ಇದರ ಕಣ್ಣಿನ ಕೆಂಪು ಒಂದು ಅಳೆದು ಹೇಳಿ."

ಮಾತಾಡುತ್ತಿದ್ದಂತೆ ಎಲೆ ಬಾಗಿ ಒಂದು ಬಂಗುಡೆ ಜಾರಿ ನೆಲಕ್ಕೆ ಬಿತ್ತು. ಲ್ಯಾಪ್‌ಟಾಪು ಮತ್ತೆ ಒಂದರಿಂದ ಶುರು ಮಾಡಿತು. ಕೃಷ್ಣರಾಜ ಶಬರಿಮಲೆಯ ಪಂಚೆಯಲ್ಲಿ, ಮೀನಿನ ಪಕ್ಕದಲ್ಲೇ, ನೆಲದ ಮೇಲೆ ಕೂತುಬಿಟ್ಟ. ಗಂಟೆ ಮೂರು ಹೊಡೆದಿತ್ತು.

ಊಟಕ್ಕೂ ಬರದ ಗಂಡನನ್ನು ಹುಡುಕಿಕೊಂಡು ಪ್ರಭಾ ಇಳಿದು ಬಂದಳು. ಜೋನರನ್ನು ಮೀನಿನ ಸಮೇತ ಮೇಲೆ ಕಳಿಸಿದಳು, ನೆಲವನ್ನು ಎರಡು ಸಲ ಒರೆಸಿದಳು, ಆಮೇಲೆ ಕೇಳಿದಳು: "ನಿಮಗೆ ಎಂತ ಬೇಕು ಹೇಳಿ."

"ಅರ್ಧ ಗಂಟೆ. ಯಾರೂ ಬಾಗಿಲು ತೆಗೆಯದ ಅರ್ಧ ಗಂಟೆ."

ಅಂಥ ಅರ್ಧ ಗಂಟೆಯನ್ನು ಎಲ್ಲಿಂದ ತರಬೇಕೆಂದು ಮಗು ಸಾಕಿದ ಹೆಂಗಸಿಗೆ ಹೇಳಿಕೊಡಬೇಕಾಗಿಲ್ಲ. ಪ್ರಭಾ ಬಾಗಿಲೆಳೆದು, ಹೊರಗೆ ಸ್ಟೂಲು ಹಾಕಿ, ಮಡಿಲಲ್ಲಿ ಅಲಸಂಡೆಯ ಕಟ್ಟು ಇಟ್ಟುಕೊಂಡು ತುಂಡು ಮಾಡತೊಡಗಿದಳು. ಐದು ನಿಮಿಷದಲ್ಲಿ ಅಮ್ಮಣಿ ಬಂದರು.

"ಶ್! ಯಂತ್ರ ಮಲಗಿದೆ, ಬಾಗಿಲು ತೆಗೀಬೇಡಿ," ಎಂದಳು ಪ್ರಭಾ ತುಟಿಗೆ ಬೆರಳಿಟ್ಟು.

ಅಮ್ಮಣಿಯ ಸ್ವರ ತಾನಾಗಿ ಇಳಿಯಿತು. "ಈಗ ಮಲಗಿದ್ದಾ?"

"ಈಗಷ್ಟೇ. ಆಗಿನಿಂದ ಮೂರು ಸಲ ಎಬ್ಬಿಸಿದ್ದಾರೆ. ಇನ್ನು ಎದ್ರೆ ರಾತ್ರಿವರೆಗೆ ರಗಳೆ."

"ಪಾಪ," ಎಂದು ಅಮ್ಮಣಿ ಪಕ್ಕದ ಮೆಟ್ಟಿಲಲ್ಲಿ ಕೂತು ತಾವೂ ನಾಲ್ಕು ಅಲಸಂಡೆ ಎತ್ತಿಕೊಂಡರು. ಆಮೇಲೆ ಕಾವಲು ಅವರದೇ ಆಯಿತು. ಟಾರ್ಚ್ ಹಿಡಿದು ಬಂದ ತಮ್ಮ ಗಂಡನನ್ನು ಅವರು ಕಣ್ಣಿನಲ್ಲೇ ವಾಪಸು ಕಳಿಸಿದರು. ಲಿಫ್ಟಿನ ಬಾಗಿಲು ಜೋರಾಗಿ ಹಾಕಿದ ನಾಲ್ಕನೇ ಮಹಡಿಯವರಿಗೆ ನೋಣಯ್ಯ ಪಿಸುಮಾತಿನಲ್ಲಿ ಬೈದ.

ಮೂರು ಮುಕ್ಕಾಲಿಗೆ ನೂರೈವತ್ತೂ ಮುಗಿಯಿತು. ಕೃಷ್ಣರಾಜ ಮಗಳನ್ನು ಕರೆದು ಸಿನಿಮಾ ಹಾಕಿದ. ಕೊಕ್ಕರೆ ಬೆಳ್ಳಗಿತ್ತು, ಕೆರೆ ಕೆರೆಯ ಬಣ್ಣದಲ್ಲಿತ್ತು, ಮಿಂಚುಳ್ಳಿಯ ಕೊಕ್ಕು ಕೆಂಪಗೆ, ರೆಕ್ಕೆ ನೀಲಿ. ಚಿನ್ಮಯಿ ಮೂರು ದಿನದಿಂದ ಕಿಸೆಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ ಪೆನ್‌ಡ್ರೈವನ್ನು ಲ್ಯಾಪ್‌ಟಾಪಿನಲ್ಲೇ ಬಿಟ್ಟು ಆಡಲಿಕ್ಕೆ ಓಡಿದಳು.

ಐದಕ್ಕೆ ಹಾಶಿಂ ಬಂದು ಸೆನ್ಸರ್ ಕೊಂಡುಹೋದ. ಕೃಷ್ಣರಾಜ ಮಿಕ್ಸಿಯ ಅಪಕೀರ್ತಿ ಇಂದಿಗೆ ತೊಳೆದುಹೋಯಿತೆಂದು ಎದೆಯುಬ್ಬಿಸಿ ಸ್ನಾನಕ್ಕೆ ಹೋದ.

ಆರು ಕಾಲಿಗೆ, ಬಿಳಿ ಅಂಗಿ ಹಾಕಿ ಇಳಿದು, ಕೊನೆಯದಾಗಿ ಒಮ್ಮೆ ನೋಡುವ ಎಂದು ಪ್ರೊಜೆಕ್ಟರ್ ಹಚ್ಚಿದ. ಕೊಕ್ಕರೆ ನೀಲಿಯಾಗಿತ್ತು. ದಂಡೆಯಲ್ಲಿ ಮೇಯುತ್ತಿದ್ದ ದನ ನೀಲಿ. ವಾಕಿಂಗ್ ಹೋಗುತ್ತಿದ್ದ ಮೋಹನದಾಸರು ಯಕ್ಷಗಾನದ ಕೃಷ್ಣನಷ್ಟು ನೀಲಿ. ಅಷ್ಟೆಲ್ಲ ನೀಲಿಯ ನಡುವೆ ಮಿಂಚುಳ್ಳಿ ಎಲ್ಲಿದೆ ಎಂದು ಹುಡುಕಬೇಕಾಗಿತ್ತು.

ಬಾಗಿಲಲ್ಲಿ ಹೊಸ ಲಂಗದಲ್ಲಿ ಚಿನ್ಮಯಿ ನಿಂತಿದ್ದಳು. ಅಪ್ಪನನ್ನು ನೋಡಿದಳು, ಪರದೆಯನ್ನು ನೋಡಿದಳು, ನೇರ ಬಂದು ಪೆನ್‌ಡ್ರೈವ್ ಎಳೆದುಕೊಂಡಳು.

"ಒಂದು ನಿಮಿಷ ಮಗಾ, ಒಂದೇ ನಿಮಿಷ!" ಕೃಷ್ಣರಾಜ ಹಾಶಿಂಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದ.

"ಎಂತಾದ್ರೂ ಬದಲಾಯಿಸಿದ್ದೀರಾ ಕೃಷ್ಣಣ್ಣ?"

"ಎಂತದೂ ಇಲ್ಲ! ದೇವರಾಣೆ!"

"ನೋಡಿದ್ರಾ ಭಟ್ರೆ, ಎಷ್ಟು ಚಂದ ಆಯ್ತು!" ಎಂದು ಅಷ್ಟರಲ್ಲಿ ಅಮ್ಮಣಿ ಮಲ್ಲಿಗೆ ಮುಡಿದು ಒಳಗೆ ಬಂದರು. "ಲೈಟು ಹಾಕಿ ನೋಡ್ತೇನೆ, ಆ ಬಟ್ಟೆ ಹೊಗೆ ಹಿಡಿದು ಹಳದಿ ಆಗಿದೆ. ಟೀಚರ್ ಬರುವಾಗ ನಾಚಿಕೆ ಅಲ್ವಾ? ಅದನ್ನು ನೀಲಿ ಹಾಕಿ ಬಕೇಟಿನಲ್ಲಿ ನೆನೆಸಿಟ್ಟೆ. ಇದು ನನ್ನದೇ ಬೆಡ್‌ಶೀಟು. ನಾಲ್ಕು ಸಲ ನೀಲಿ ಅದ್ದಿದ್ದು, ಹಾಲಿನ ಹಾಗೆ ಉಂಟು!"

ಹಾಶಿಂ ಫೋನಿನಲ್ಲೇ ಎಲ್ಲ ಕೇಳಿಸಿಕೊಂಡ. "ಅದೇ ಆದದ್ದು. ಬಟ್ಟೆ ಹಳದಿ ಇತ್ತು ಅಂತ ಯಂತ್ರ ನೀಲಿ ಸೇರಿಸಿಕೊಂಡಿದೆ. ಈಗ ಬಟ್ಟೆಯೂ ನೀಲಿ. ಪುನಃ ಅಳೆಯುವ ಅಂದ್ರೆ ನಾನು ತೊಕ್ಕೊಟ್ಟಿನಲ್ಲಿದ್ದೇನೆ, ಮದುವೆ ಮನೆಯಲ್ಲಿ. ಅದೇ ಹಳದಿಯ ಬಟ್ಟೆ ಬೇರೆ ಉಂಟಾ ನೋಡಿ."

ಅಮ್ಮಣಿಯ ಮುಖ ಬಾಡಿತು. ಅವರು ಒಮ್ಮೆ ಚಿನ್ಮಯಿಯ ಮುಷ್ಟಿಯಲ್ಲಿದ್ದ ಪೆನ್‌ಡ್ರೈವ್ ನೋಡಿದರು, ಆಮೇಲೆ ಸೆರಗು ಸಿಕ್ಕಿಸಿದರು. "ಆ ಬಟ್ಟೆಯ ಬಣ್ಣ ನನ್ನ ಕಣ್ಣಿನಲ್ಲೇ ಉಂಟು. ಬನ್ನಿ!"

ಟೀಚರ್ ಬರಲು ಇಪ್ಪತ್ತು ನಿಮಿಷ ಉಳಿದಿತ್ತು. ಅಮ್ಮಣಿ ಮುಂದೆ, ಅವರ ಹಿಂದೆ ಕೃಷ್ಣರಾಜ, ಚಿನ್ಮಯಿ, ಪ್ರಭಾ, ಮೋಹನದಾಸರು, ಎಲ್ಲರ ಹಿಂದೆ ನೋಣಯ್ಯ, ಹೀಗೆ ಒಂದು ದಂಡು ಮಹಡಿಯಿಂದ ಮಹಡಿಗೆ ಒಣಹಾಕಿದ ಬಟ್ಟೆಗಳನ್ನು ನೋಡುತ್ತ ಹೋಯಿತು. ಅಮ್ಮಣಿ ನಿಂತಲ್ಲಿಂದಲೇ ತೀರ್ಪು ಕೊಡುತ್ತಿದ್ದರು. "ಇದಲ್ಲ, ಇದಕ್ಕೆ ಅರ್ಧ ಮುಚ್ಚಳ ನೀಲಿ ಬಿದ್ದಿದೆ. ಅದು ಚಾ ಚೆಲ್ಲಿದ ಹಳದಿ, ಹೊಗೆಯದ್ದಲ್ಲ. ಇದು ಬಿಡಿ, ಕೊಳೆ."

ಮೂರನೇ ಮಹಡಿಯಲ್ಲಿ, ಕೃಷ್ಣರಾಜನದೇ ಮನೆಯ ಬಾಲ್ಕನಿಯ ಮುಂದೆ ಅವರು ಗಕ್ಕನೆ ನಿಂತರು.

"ಅದು! ಅದೇ ಬಣ್ಣ! ಒಂದು ಕೂದಲಿನಷ್ಟೂ ಆಚೆ ಈಚೆ ಇಲ್ಲ!"

ಎತ್ತರದ ಬಿದಿರಿನಲ್ಲಿ, ಸಾಬೂನು ಕಾಣದ, ನೀಲಿ ಕಾಣದ, ದಿನವೂ ದೀಪ ಧೂಪಗಳ ಹೊಗೆ ಕುಡಿದ ವಿಶ್ವೇಶ ಭಟ್ಟರ ಮಡಿ ಪಂಚೆ ನಿಶ್ಚಿಂತೆಯಿಂದ ತೂಗುತ್ತಿತ್ತು. ಅಮ್ಮಣಿ ಕೈ ಮೇಲೆತ್ತಿದರು.

"ಮುಟ್ಬೇಡಿ!" ಎಂದು ಕೃಷ್ಣರಾಜ, ಪ್ರಭಾ ಒಟ್ಟಿಗೇ ಕೂಗಿದರು.

ಕೂಗಿಗೆ ವಿಶ್ವೇಶ ಭಟ್ಟರು ದೇವರ ಕೋಣೆಯಿಂದ ಹೊರಬಂದರು. ಬಾಲ್ಕನಿ ತುಂಬ ಜನ, ಎಲ್ಲರ ದೃಷ್ಟಿಯೂ ತಮ್ಮ ಪಂಚೆಯ ಮೇಲೆ. ಅವರಿಗೆ ವಿಷಯ ಹೇಳಲು ಮಗ ಬಾಯಿ ತೆರೆದ. ಸೆನ್ಸರ್, ನೂರೈವತ್ತು, ಹಳದಿ, ತೊಕ್ಕೊಟ್ಟು ಎಂಬ ನಾಲ್ಕು ಮಾತು ಬಂದು ಅಲ್ಲಿಗೆ ನಿಂತಿತು.

ಚಿನ್ಮಯಿ ಹೊಸ್ತಿ‌ಲಿನಿಂದ ಈಚೆಗೇ, ಅಜ್ಜನನ್ನು ಮುಟ್ಟದಷ್ಟು ದೂರದಲ್ಲಿ ನಿಂತಳು. "ಅಜ್ಜ, ನಿಮ್ಮ ಪಂಚೆ ಕಟ್ಟಿದ್ರೆ ಮಾತ್ರ ನನ್ನ ಹಕ್ಕಿಗೆ ಸರಿ ಬಣ್ಣ ಬರುವುದಂತೆ."

ಅಜ್ಜ ಪಂಚೆಯನ್ನು ನೋಡಿದರು, ಮೊಮ್ಮಗಳನ್ನು ನೋಡಿದರು. "ಅದು ನಾಳೆಯ ಪೂಜೆಗೆ," ಎಂದರು. ಆಮೇಲೆ ಮಗನ ಕಡೆ ತಿರುಗಿದರು. "ಆ ಹಾಲ್‌ಗೆ ಇವತ್ತು ಮೀನು ಗೀನು ಎಂತದೂ ಬಂದಿಲ್ಲವಲ್ಲ?"

ಕೃಷ್ಣರಾಜನ ಮುಖದ ಬಣ್ಣ ಅಳೆಯಲು ಆಗ ಸೆನ್ಸರ್ ಇರಲಿಲ್ಲ.

"ನೆಲ ನಾನೇ ಎರಡು ಸಲ ಒರೆಸಿದ್ದೇನೆ ಮಾವ," ಎಂದಳು ಪ್ರಭಾ. ಅದು ನಿಜವೇ ಆಗಿತ್ತು.

"ಬೇರೆ ಯಾರೂ ಮುಟ್ಟಬಾರದು," ಎಂದು ವಿಶ್ವೇಶ ಭಟ್ಟರು ಕೋಲು ಎತ್ತಿಕೊಂಡರು.

ಲಿಫ್ಟಿನಲ್ಲಿ ಯಾರ ಕೈ ತಾಗುತ್ತದೋ ಎಂದು ಮೆಟ್ಟಿಲಲ್ಲೇ ಇಳಿದದ್ದು. ಕೋಲಿನ ತುದಿಯಲ್ಲಿ ಪಂಚೆ, ಕೋಲಿನ ಬುಡದಲ್ಲಿ ಅಜ್ಜ, ಎರಡೂ ಕಡೆ ಗೋಡೆಗೆ ಅಂಟಿ ನಿಂತ ಜನ. ಮುಂದಿನಿಂದ ಮೋಹನದಾಸರು ಟಾರ್ಚ್ ಹಿಡಿದು "ಜಾಗ ಬಿಡಿ, ಜಾಗ ಬಿಡಿ" ಎನ್ನುತ್ತಿದ್ದರು. ಕೆಳಗೆ ಆಗಷ್ಟೇ ಬಂದಿದ್ದ ಜಾನೆಟ್ ಟೀಚರ್ ಇದು ಕಾರ್ಯಕ್ರಮದ ಉದ್ಘಾಟನೆಯೇ ಇರಬೇಕೆಂದು ಚಪ್ಪಲಿ ಕಳಚಿ ಗೌರವದಿಂದ ಎದ್ದು ನಿಂತರು.

ಬೆಡ್‌ಶೀಟು ಇಳಿಯಿತು, ಪಂಚೆ ಅಡ್ಡಲಾಗಿ ಏರಿತು. ಅದರ ಅಗಲಕ್ಕೆ ಸರಿಯಾಗಿ ಚಿತ್ರವನ್ನು ಸಣ್ಣದು ಮಾಡಬೇಕಾಯಿತು. ಯಾರಾದರೂ ತಾಗಿಸಿಯಾರೆಂದು ವಿಶ್ವೇಶ ಭಟ್ಟರು ಕೋಲು ಮಡಿಲಲ್ಲಿಟ್ಟುಕೊಂಡು ಎಲ್ಲರಿಗಿಂತ ಮುಂದೆ ಕುರ್ಚಿ ಹಾಕಿ ಕೂತರು.

ಕೃಷ್ಣರಾಜ ಮಗಳತ್ತ ಕೈ ಚಾಚಿದ. ಅವಳು ಮುಷ್ಟಿ ಬಿಡಿಸಿ ಪೆನ್‌ಡ್ರೈವ್ ಕೊಟ್ಟಳು. ದೀಪ ಆರಿತು.

ಮೊದಲು ಕೊಕ್ಕರೆ ಬಂತು, ಬೆಳ್ಳಗೆ. ದನ, ಕಂದು. ಮೋಹನದಾಸರು ತಮ್ಮದೇ ಬಣ್ಣದಲ್ಲಿ ನಡೆದುಹೋದರು. ಆಮೇಲೆ ಬಾಗಿದ ಕೊಂಬೆಯ ಮೇಲೆ ಹಕ್ಕಿ ಬಂದು ಕೂತಿತು. ಹಿಂದಿನ ಸಾಲಿನಲ್ಲಿ ಯಾರೋ "ಅಬ್ಬ" ಎಂದರು. ಅದು ಎರಗುವಾಗ ರೆಕ್ಕೆ ಬಿಚ್ಚಿತು. ಪಂಚೆಯ ಮಡಿಕೆಗಳ ಮೇಲೆ ಆ ನೀಲಿ ಹಾದುಹೋಯಿತು. ಕೃಷ್ಣರಾಜ ಪರದೆ ನೋಡಲೇ ಇಲ್ಲ. ಪರದೆಯ ಬೆಳಕು ಬಿದ್ದ ಮಗಳ ಮುಖ ನೋಡುತ್ತಿದ್ದ. ಅವಳು ಹಲ್ಲು ಬಿಟ್ಟು ನಗುತ್ತಿದ್ದಳು.

ದೀಪ ಹಾಕಿದಾಗ ಮೊದಲು ಮಾತಾಡಿದವರು ವಿಶ್ವೇಶ ಭಟ್ಟರು. "ದೇವಸ್ಥಾನದ ಕೆರೆಯಲ್ಲಿ ಬೆಳಿಗ್ಗೆ ಮುಳುಗಿ ಏಳುವಾಗ ಇದೇ ಹಕ್ಕಿ ಬರ್ತಿತ್ತು. ಇದೇ ಬಣ್ಣ," ಎಂದರು. ಯಾರಿಗೆ ಹೇಳಿದ್ದೆಂದು ತಿಳಿಯಲಿಲ್ಲ. ಬಹುಶಃ ಕೋಲಿಗೆ.

"ಶನಿವಾರಕ್ಕೆ ಚಿನ್ಮಯಿಯದ್ದೇ ಹೋಗ್ತದೆ," ಎಂದರು ಜಾನೆಟ್ ಟೀಚರ್. "ಬಣ್ಣ ಎಷ್ಟು ಚಂದ ಬಂದಿದೆ! ಎಂತ ಪ್ರೊಜೆಕ್ಟರ್ ಇದು?"

"ದಮ್ಮಾಮಿಂದು," ಎಂದರು ಮೋಹನದಾಸರು ತಡಮಾಡದೆ.

"ಈ ಪ್ರೊಜೆಕ್ಟರನ್ನೇ ಅಲ್ಲಿಗೂ ಕೊಡ್ತೀರಾ? ನನಗೆ ಅಲ್ಲಿಯೂ ಇದೇ ನೀಲಿ ಬೇಕು."

ಕೃಷ್ಣರಾಜನ ನಗು ಅರ್ಧಕ್ಕೆ ನಿಂತಿತು. ಅಮ್ಮಣಿ, ಪ್ರಭಾ, ಚಿನ್ಮಯಿ, ಬಾಗಿಲಲ್ಲಿ ನಿಂತ ನೋಣಯ್ಯ, ಎಲ್ಲರೂ ಮೆಲ್ಲಗೆ ಮುಂದಿನ ಕುರ್ಚಿಯ ಕಡೆ ತಿರುಗಿದರು. ವಿಶ್ವೇಶ ಭಟ್ಟರು ಎದ್ದು, ಪಂಚೆಯನ್ನು ಕೋಲಿನಿಂದ ಜೋಪಾನವಾಗಿ ಇಳಿಸಿದರು. ಬಾಗಿಲವರೆಗೆ ಹೋಗಿ ನಿಂತು ಮಗನನ್ನು ಕೇಳಿದರು:

"ಬಲ್ಮಠದ ಬಸ್ಸಿಗೆ ಇಷ್ಟುದ್ದದ ಕೋಲು ಹತ್ತಿಸ್ತಾರಾ?"